ಸುನ್ನಾ ಕೇಳದ ಭಾರ

ಬೆಳಗಿನ ಆರು ಗಂಟೆ. ಸೂರ್ಯ ಮುಖ ತೋರಿಸಲು ಇನ್ನೂ ಹತ್ತು ದಿನ ಬೇಕು. ಉತ್ತರ ನಾರ್ವೆಯ ಕೌಟೊಕೈನೊದ ಹೊರವಲಯದ ಶೆಡ್ಡಿನಲ್ಲಿ ಐವತ್ನಾಲ್ಕರ ಸುನ್ನಾ ಕುಕ್ಕರಗಾಲಲ್ಲಿ ಕುಳಿತು ಗೋಡೆ ದಿಟ್ಟಿಸುತ್ತಿದ್ದಾರೆ. ಸ್ನೋಮೊಬೈಲಿನ ಹೆಡ್‌ಲೈಟು ದೀಪದ ಎತ್ತರ ಸರಿನೋಡಲು ಎಳೆದ ಸೀಮೆಸುಣ್ಣದ ಗೆರೆಯ ಮೇಲೆ ಸರಿಯಾಗಿ ಬಿದ್ದಿದೆ. ಅದೇ ಅವರಿಗೆ ಅರ್ಥವಾಗುತ್ತಿಲ್ಲ.

ಗಾಡಿ ಅವರ ಅಕ್ಕನ ಮಗ ಮಾಹ್ತೆಯದು. ಹಿಮಸಾರಂಗ ಕಾಯುವವನು. ವಾರದಲ್ಲಿ ಇದು ಮೂರನೇ ಸಲ ಬಂದಿದ್ದಾನೆ.

"ನಿನ್ನೆ ಕೊರಕಲಿನ ಅಂಚಿಗೇ ಹೋಗ್ಬಿಟ್ಟಿದ್ದೆ ಚಿಕ್ಕಮ್ಮ. ದಾರಿ ಕಾಣ್ಲಿಲ್ಲ. ನಕ್ಷತ್ರ ಮಾತ್ರ ಚೆನ್ನಾಗಿ ಕಂಡ್ವು."

"ಇಲ್ಲಿ ನೋಡು, ಗೆರೆ ಮೇಲೇ ಇದೆ."

"ಗೋಡೆಗೆ ಮೇವು ಹಾಕೋದಾಗಿದ್ರೆ ಇಲ್ಲೇ ಇರ್ತಿದ್ದೆ."

ಡಿಸೆಂಬರಿನ ಮಳೆ ಹೆಪ್ಪುಗಟ್ಟಿ ಬೆಟ್ಟದ ಮೇಲೆ ಹಿಂಡು ಮೇಯುವ ಪಾಚಿಯೆಲ್ಲ ಮಂಜುಗಡ್ಡೆಯಡಿ ಸಿಕ್ಕಿದೆ. ಇವತ್ತು ಮೇವು ತಲುಪದಿದ್ದರೆ ಮರಿಗಳು ಉಳಿಯುವುದಿಲ್ಲ. ಪಟ್ಟಣದ ರಿಪೇರಿ ಅಂಗಡಿಗೆ ಗಾಡಿ ಒಯ್ದರೆ ಎರಡು ದಿನ ಹೋಗುತ್ತದೆ.

ಗಂಡನ ಸೊಂಟ ಕೈಕೊಟ್ಟ ಮೇಲೆ ಸುನ್ನಾ ಸ್ಪ್ಯಾನರ್ ಹಿಡಿದವರು. ಹದಿನೇಳು ಚಳಿಗಾಲ ಕಳೆದಿದೆ. ದಿನಕ್ಕೆ ಐದಾರು ಗಾಡಿ. ಬಲ್ಬಿನ ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟುವುದಿಲ್ಲ. "ಮಾಂಸ ಕೊಯ್ದ ಕೈ. ಜಿಡ್ಡು ತಾಗಿದ್ರೆ ವಾರಕ್ಕೇ ಸುಟ್ಟೋಗುತ್ತೆ."

ಮಾಹ್ತೆಯ ಗಾಡಿಗೆ ಮೊದಲ ಸಲ ಬಲ್ಬು ಬದಲಾಯಿಸಿದ್ದರು. ಎರಡನೇ ಸಲ ದೀಪದ ಚೌಕಟ್ಟು ಬಿಗಿದಿದ್ದರು. ಇನ್ನೇನು ಉಳಿದಿದೆ? ತನಗೆ ಕೆಲಸ ಮರೆತೇ ಹೋಯಿತೇ? ಅವನನ್ನು ಗಾಡಿಯ ಮೇಲೆ ಕೂರಿಸಿ, ತಾವೂ ಹಿಂದೆ ಕೂರುತ್ತಾರೆ. ಬೆಳಕು ಗೆರೆ ಬಿಟ್ಟು ಒಂದು ಗೇಣು ಮೇಲೇರುತ್ತದೆ.

ಹಿಂದೆ ಭಾರ ಬಿದ್ದರೆ ದೀಪ ಮೇಲಕ್ಕೆ ತಿರುಗುತ್ತದೆ.

ಮೇವಿನ ಮೂಟೆ ಎಷ್ಟು ಎಂದು ಕೇಳಬೇಕಿತ್ತು. ಕೇಳುವಂತಿಲ್ಲ. ಇಲ್ಲಿ ಒಬ್ಬರ ಹಿಂಡಿನಲ್ಲಿ ಎಷ್ಟು ತಲೆ ಎಂದು ಕೇಳುವುದೂ ಅವರ ಜೇಬಿಗೆ ಕೈ ಹಾಕುವುದೂ ಒಂದೇ. ಮೂಟೆ ಎಣಿಸಿದರೆ ತಲೆ ಎಣಿಸಿದಂತೆಯೇ. ಅದಕ್ಕೇ ಮಾಹ್ತೆ ಮೂರು ಸಲವೂ ಮೇವು ಹೇರಿ ಎಳೆಯುವ ಜಾರುಬಂಡಿ ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಅದಕ್ಕೇ ಚಿಕ್ಕಮ್ಮನೂ ಕೇಳಿಲ್ಲ. ಇಬ್ಬರ ಮರ್ಯಾದೆಯ ನಡುವೆ ದೀಪ ಆಕಾಶ ನೋಡುತ್ತಿತ್ತು.

"ಬೆಟ್ಟಕ್ಕೆ ಹೇಗೆ ಹೋಗ್ತೀಯೋ ಹಾಗೇ ಬಾ. ಟಾರ್ಪಾಲು ಮುಚ್ಕೊಂಡು ಬಾ. ನಾನು ಆ ಕಡೆ ನೋಡಲ್ಲ."

ಮಾಹ್ತೆ ಮನೆಗೆ ಹೋಗಿ, ಜಾರುಬಂಡಿ ಕಟ್ಟಿಕೊಂಡು ಬರುತ್ತಾನೆ. ಗಾಡಿಯ ಹಿಂಭಾಗ ನಾಲ್ಕು ಬೆರಳು ಕುಸಿದಿದೆ, ಮೂಗು ಎದ್ದಿದೆ, ಬೆಳಕು ತೊಲೆ ಮುಟ್ಟಿದೆ. ಸುನ್ನಾ ಟಾರ್ಪಾಲಿಗೆ ಬೆನ್ನು ಹಾಕಿ ಮಲಗಿ, ಹಿಂದಿನ ಸಸ್ಪೆನ್ಷನ್ನಿನ ಎರಡೂ ಸ್ಪ್ರಿಂಗುಗಳನ್ನು ಸಮನಾಗಿ, ಬಿಗಿತ ಹೊಂದಿಸುವ ಚಕ್ರದ ಎರಡೆರಡು ಹಲ್ಲಿನಷ್ಟು ಬಿಗಿಯುತ್ತಾರೆ. ಬೆಳಕು ಗೋಡೆಯಲ್ಲಿ ಕೆಳಗಿಳಿದು ಗೆರೆಯ ಮೇಲೆ ನಿಲ್ಲುತ್ತದೆ.

"ಬಲ್ಬಿನ ತಪ್ಪೇನೂ ಇರ್ಲಿಲ್ವಾ?"

"ಬಲ್ಬು ಪಾಪ, ಅದೇನು ಮಾಡೀತು? ಹೊರಡು."

ಹನ್ನೊಂದಕ್ಕೆ ಬೆಟ್ಟದಿಂದ ಫೋನು ಬರುತ್ತದೆ. ಮೇವು ತಲುಪಿದೆ. ಸುನ್ನಾ ಇಲ್ಲಿನ ರೂಢಿಯಂತೆ ಕಾಫಿಗೆ ಒಣಮಾಂಸದ ಚೂರು ಹಾಕಿ, ಅದು ಮೆತ್ತಗಾಗಲು ಕಾಯುತ್ತಾರೆ. ಕೇಳದೆ ಇದ್ದದ್ದು ಮರ್ಯಾದೆಯೋ ತಪ್ಪೋ ಎಂಬುದು ಅವರಿಗಿನ್ನೂ ಬಗೆಹರಿದಿಲ್ಲ.

"ಸ್ಪ್ರಿಂಗ್ ಎಷ್ಟು ಕುಸೀತು ಅಂತ ನೋಡಿದ್ರೆ ಮೂಟೆ ಎಷ್ಟು ಅಂತ ತಿಳಿಯುತ್ತೆ. ಮೂಟೆ ತಿಳಿದ್ರೆ ಹಿಂಡು ತಿಳೀತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ ಕೊನೆಗೆ. "ಅವನ ಅಮ್ಮನಿಗೂ ಗೊತ್ತಿಲ್ಲ ಅದು. ನನಗೀಗ ಗೊತ್ತು. ಯಾರಿಗೂ ಹೇಳಲ್ಲ."