ಬಂಪರಿನ ಎಡಮೂಲೆ

ಸಾರಕ್ಕಿಯ ಆಚೆಗಿನ ಆ ಅಡ್ಡರಸ್ತೆಯಲ್ಲಿ ಓಡುವ ಕಾರುಗಳಿಗಿಂತ ನಿಂತ ಕಾರುಗಳೇ ಜಾಸ್ತಿ. ಎಲ್ಲಕ್ಕೂ ಒಂದೊಂದು ಕವರು, ಒಬ್ಬೊಬ್ಬ ರಿಟೈರ್ಡ್ ಯಜಮಾನರು. ಬೆಳಗಿನ ಕಾಫಿಗೆ ಮೊದಲು ಕವರು ತೆಗೆದು, ಗಾಡಿ ಸ್ಟಾರ್ಟ್ ಮಾಡಿ, ಒಂಚೂರು ಮುಂದೆ, ಒಂಚೂರು ಹಿಂದೆ ಉರುಳಿಸಿ, ಮತ್ತೆ ಕವರು ಹೊದಿಸುವುದು ಅಲ್ಲಿಯ ನಿತ್ಯಪೂಜೆ. ಬ್ಯಾಟರಿ ಕೂರಬಾರದು, ಟೈರು ಒಂದೇ ಮಗ್ಗುಲಿಗೆ ಚಪ್ಪಟೆಯಾಗಬಾರದು. ಕಾರು ಎಲ್ಲಿಗೂ ಹೋಗಬೇಕಾಗಿಲ್ಲ, ಮನೆ ಮುಂದೆ ಇದ್ದರೆ ಸಾಕು.

ವಿಮಾ ಕಂಪನಿಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ನೀಲಕಂಠಪ್ಪನವರದೂ ಇದೇ ಪೂಜೆ. ದೇವರು ಒಂದು ಹಳೇ ಜೆನ್ ಕಾರು. ಗೇಟಿನೆದುರು ಸ್ಕೂಟರ್ ನಿಲ್ಲಿಸಿದವರಿಗೆ, ಹಸಿಕಸ ಒಣಕಸ ಬೆರೆಸಿ ಕೊಟ್ಟವರಿಗೆ ಬುದ್ಧಿ ಹೇಳುವ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ, ಅವರೇ ತೆಗೆದುಕೊಂಡಿದ್ದರು. ಬೀದಿ ಅವರನ್ನು ಹಿರಿಯರು ಅನ್ನುತ್ತಿತ್ತು.

ಸೋಮವಾರ ಬೆಳಗಿನ ಮಬ್ಬಿನಲ್ಲಿ ಅವರ ಕಾಲು ಕ್ಲಚ್ಚಿನಿಂದ ಜಾರಿತು. ಜೆನ್ ಗಕ್ಕನೆ ನೆಗೆದು, ಹೊಂಗೆ ಮರದಡಿ ನಿಂತಿದ್ದ ಅಕ್ಕಯಮ್ಮನ ಇಸ್ತ್ರಿ ಗಾಡಿಗೆ ಗುದ್ದಿತು. ಹಲಗೆ ಸೀಳಿತು. ಚಕ್ರ ಸೊಟ್ಟಗಾಗಿ ಗಾಡಿ ಒಂದು ಕಡೆಗೆ ಮಂಡಿಯೂರಿತು. ನೀಲಕಂಠಪ್ಪನವರು ಇಳಿದು ಗಾಡಿ ನೋಡಿದರು. ಆಮೇಲೆ ಬೀದಿಯ ಎರಡೂ ತುದಿ ನೋಡಿದರು. ಯಾರೂ ಇರಲಿಲ್ಲ. ಕಾರನ್ನು ಹಿಂದಕ್ಕೆ ತಂದು, ಕವರು ಹೊದಿಸಿ, ಒಳಗೆ ಹೋಗಿ ಕಾಫಿ ಕುಡಿದರು. ಆ ಕಾಫಿ ಗಂಟಲಲ್ಲಿ ಸಲೀಸಾಗಿ ಇಳಿಯಿತು ಎನ್ನುವುದೇ ಮುಂದೆ ಅವರನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಕಸದ ಆಟೋ ಬಂದು ಹೋದ ಮೇಲೆ ಜನ ಸೇರಿದರು. ಅಕ್ಕಯಮ್ಮ ಸೀಳಿದ ಹಲಗೆಯನ್ನು ಕೂಡಿಸಿ ಕೂಡಿಸಿ ನೋಡುತ್ತಿದ್ದಳು. ಇಂಥ ಬೀದಿಗಳಲ್ಲಿ ತಪ್ಪು ಮಾಡಿದವರನ್ನು ಯಾರೂ ಹುಡುಕುವುದಿಲ್ಲ, ಯಾರ ತಲೆಗೆ ಕಟ್ಟಬಹುದು ಅಂತ ಹುಡುಕುತ್ತಾರೆ. ಆಟೋ ಓಡಿಸುವ ಸೋಮಲಿಂಗಪ್ಪ ದಿನವೂ ಆ ಮರದ ಹತ್ತಿರವೇ ರಿವರ್ಸ್ ತೆಗೆಯುವವನು. ಇನ್ನೇನು ಬೇಕು?

"ಅವ್ನೇ ಇರ್ಬೇಕು, ಅಲ್ವಾ ಸಾರ್?" ಎದುರುಮನೆಯವರು ಕೇಳಿದರು.

"ಅವನು ರಿವರ್ಸ್ ತೆಗೆಯೋ ಚಂದ ನೀವೇ ನೋಡಿದೀರಲ್ಲ," ಅಂದರು ನೀಲಕಂಠಪ್ಪನವರು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ದೂರು ಹೋಯಿತು. ಗುರುವಾರ ಕಸದ ಮೇಸ್ತ್ರಿ ಬರುತ್ತಾನೆ, ಹಿರಿಯರು ಹೌದು ಅಂದರೆ ಸೋಮಲಿಂಗಪ್ಪನ ಕೆಲಸ ಹೋಗುತ್ತದೆ ಎಂದು ಸುದ್ದಿಯಾಯಿತು.

"ಕಾರಿನ ಮೂತಿ ಯಾಕ್ರೀ ಜೋತುಬಿದ್ದಿದೆ? ಮೆಕ್ಯಾನಿಕ್ ಕರೀಬಾರ್ದಾ?" ಎಂದು ಹೆಂಡತಿ ಗಿರಿಜಾದೇವಿ ಕೇಳಿದರು. ಮೆಕ್ಯಾನಿಕ್ ಬಂದರೆ ಮೊದಲ ಮಾತೇ 'ಎಲ್ಲಿ ಗುದ್ದಿದ್ರಿ ಸಾರ್' ಅಂತ. ಹಾಗಾಗಿ ಗುರುವಾರ ಬೆಳಿಗ್ಗೆ ಕಾರನ್ನು ಗೇಟಿನೊಳಗೆ ತಂದು ಅವರೇ ಸ್ಪ್ಯಾನರ್ ಹಿಡಿದರು. ಬಾನೆಟ್ ಎತ್ತಿ ಮುಂದಿನ ಜಾಲರಿ ಬಿಚ್ಚಿದರು. ಚಕ್ರದ ಮಗ್ಗುಲಿನ ಸ್ಕ್ರೂಗಳನ್ನು ತೆಗೆದರು. ಹಳೇ ಪೇಪರ್ ಹಾಸಿ ಮಲಗಿ, ತಳದ ಕ್ಲಿಪ್ಪುಗಳನ್ನು ಕಿತ್ತರು. ಎರಡು ಸಲ ಜಗ್ಗಿದಾಗ ಒಣಗಿದೆಲೆ, ಧೂಳಿನ ಸಮೇತ ಬಂಪರು ಕೈಗೆ ಬಂತು. ಕಾರಿನ ಮುಖ ಹಲ್ಲುಸೆಟ್ಟು ತೆಗೆದ ಮುದುಕನ ಬಾಯಿಯ ಹಾಗೆ ಕಂಡಿತು.

ಬಂಪರಿನ ಎಡಮೂಲೆಯಲ್ಲಿ ಗೇಣುದ್ದ ನೀಲಿ ಗೀಟು. ಆಯುಧಪೂಜೆಗೆ ಅಕ್ಕಯಮ್ಮ ತನ್ನ ಗಾಡಿಗೆ ಬಳಿದ ನೀಲಿ. ಪೆಟ್ರೋಲು ಹಾಕಿ ಒರೆಸಿದರು, ಎಮರಿ ಪೇಪರಿನಿಂದ ಉಜ್ಜಿದರು. ಬಿರುಕಿನೊಳಗೆ ಹೊಕ್ಕಿದ್ದು ಹೋಗಲಿಲ್ಲ. ಮೇಸ್ತ್ರಿ ಬರುವ ಹೊತ್ತಾಗುತ್ತಿತ್ತು. ಮುರಿದ ಕ್ಲಿಪ್ಪಿನ ಜಾಗಕ್ಕೆ ತಂತಿ ಸುತ್ತಿ, ಬಂಪರು ಎತ್ತಿ ಕೂರಿಸಲು ನೋಡಿದರು. ಈ ತುದಿ ಕೂತರೆ ಆ ತುದಿ ಬೀಳುತ್ತಿತ್ತು. ಗಿರಿಜಾದೇವಿಯವರಿಗೆ ಭುಜ ನೋವು, ಕೈ ಮೇಲಕ್ಕೆತ್ತಲು ಆಗದು.

ಅಷ್ಟರಲ್ಲಿ ಇಸ್ತ್ರಿಯಾದ ಅಂಗಿಗಳನ್ನು ಹಿಡಿದು ಅಕ್ಕಯಮ್ಮ ಗೇಟು ತೆಗೆದಳು. ಸೋಮವಾರದಿಂದ ಅವಳು ನೆಲದ ಮೇಲೆ ಹಲಗೆಯಿಟ್ಟು, ಬಗ್ಗಿ ಇಸ್ತ್ರಿ ಹಾಕುತ್ತಿದ್ದಳು.

"ಒಬ್ರಿಗೆ ಆಗೋ ಕೆಲ್ಸನಾ ಸಾರ್ ಇದು? ಬಿಡಿ, ನಾನ್ ಹಿಡ್ಕೋತೀನಿ."

"ಬೇಡಮ್ಮಾ, ಬೇಡ..."

"ಇರ್ಲಿ ಬಿಡಿ." ಅವಳು ಬಲತುದಿ ಎತ್ತಿಯೇ ಬಿಟ್ಟಳು. "ಯಾರು ಗುದ್ದಿದ್ದು? ನಿಮ್ದಕ್ಕೂ ಅವ್ನೇನಾ, ಆ ಸೋಮಲಿಂಗ? ಕಣ್ಣು ನೆತ್ತಿ ಮೇಲಿಟ್ಕೊಂಡು ಓಡಿಸ್ತಾನೆ ಮುಂಡೇಗಂಡ."

ನೀಲಕಂಠಪ್ಪನವರು ಎಡತುದಿ ಹಿಡಿದು, ನೀಲಿ ಗೀಟಿನ ಮೇಲೆ ಅಂಗೈ ಮುಚ್ಚಿದರು. ಬಂಪರು ಸರಿಯಾಗಿ ಕೂತಿತು. ಸ್ಕ್ರೂ ಜೇಬಿನಲ್ಲೇ ಇತ್ತು.

"ಹಾಕಿ ಸಾರ್, ಕೈ ನೋಯ್ತದೆ."

"ತಡಿ, ಹಾಕ್ತೀನಿ."

ಕೈ ಎತ್ತಿದರೆ ಗೀಟು ಕಾಣುತ್ತದೆ. ಎತ್ತದಿದ್ದರೆ ಸ್ಕ್ರೂ ಹಾಕುವುದು ಹೇಗೆ? ಹಾಗೇ ನಿಂತರು.

ಆಗಲೇ ಬೈಕು ಬಂದು ನಿಂತಿತು. ಮೇಸ್ತ್ರಿ, ಅವನ ಹಿಂದೆ ತಲೆ ತಗ್ಗಿಸಿದ ಸೋಮಲಿಂಗಪ್ಪ.

"ನಮಸ್ಕಾರ ಸಾರ್. ಒಂದ್ ಮಾತು ಹೇಳ್ಬಿಡಿ, ಇವತ್ತೇ ಇವ್ನನ್ನ ಕಳಿಸ್ತೀನಿ."

ಸೋಮಲಿಂಗಪ್ಪ ಎರಡೂ ಕೈ ಜೋಡಿಸಿದ. "ನಂದ ತಪ್ಪಿರಬೇಕ್ರಿ ಸರ. ಕಸ ತುಂಬಿದಾಗ ಹಿಂದಿಂದು ಕಾಣಂಗಿಲ್ರಿ. ಬಡಿದದ್ದ ಗೊತ್ತಾಗಿಲ್ಲ ನನಗ. ಅಕ್ಕಾ, ತಪ್ಪಾತು."

ಮಾಡದ ತಪ್ಪನ್ನು ಅವನು ಒಪ್ಪಿಕೊಂಡೇ ಬಿಟ್ಟಿದ್ದ. ನಂಬಿಯೂ ಬಿಟ್ಟಿದ್ದ.

"ಅವನಲ್ಲ," ಅಂದರು ನೀಲಕಂಠಪ್ಪನವರು. "ನಾನು ಗುದ್ದಿದ್ದು."

ಮೇಸ್ತ್ರಿ ನಕ್ಕ. "ಪಾಪ ಅಂತ ನೀವು ಮೈಮೇಲೆ ಹಾಕ್ಕೋತಿದೀರಾ. ದೊಡ್ಡೋರು ಸಾರ್ ನೀವು. ಲೇ ಸೋಮಲಿಂಗ, ಕಾಲಿಗೆ ಬೀಳೋ. ಸಾರ್ ಮುಖ ನೋಡಿ ಬಿಟ್ಟಿದೀನಿ."

ಎಷ್ಟು ಸುಲಭದ ದಾರಿ! ಸುಮ್ಮನಿದ್ದರೆ ಸೋಮಲಿಂಗಪ್ಪನ ಕೆಲಸವೂ ಉಳಿಯುತ್ತದೆ, ತಮ್ಮ ಹೆಸರೂ ಒಂದು ಮೆಟ್ಟಿಲು ಮೇಲೇರುತ್ತದೆ. ಅದನ್ನು ಅವರು ಲೆಕ್ಕ ಹಾಕಿದರು, ಹಾಕಿದ್ದು ತಮಗೇ ಗೊತ್ತಾಯಿತು. ಸೋಮಲಿಂಗಪ್ಪ ನಿಜವಾಗಿಯೂ ಕಾಲಿಗೆ ಬಾಗಿದ.

ಅವರು ಹಿಂದೆ ಸರಿದರು, ಅಂಗೈ ತೆಗೆದರು. ಎಡತುದಿ ಜಾರಿ ಕೆಳಗೆ ಜೋತುಬಿತ್ತು, ನೀಲಿ ಗೀಟು ಎಲ್ಲರ ಕಡೆ ಮುಖ ಮಾಡಿತು.

ಮೇಸ್ತ್ರಿ ಗೀಟನ್ನೂ ಅವರನ್ನೂ ನೋಡಿ ಬೈಕಿನ ಕಡೆ ತಿರುಗಿದ. ಅಕ್ಕಯಮ್ಮ ತನ್ನ ತುದಿ ಬಿಡಲಿಲ್ಲ. ಗೀಟು ನೋಡಿದಳು, ತನ್ನ ಗಾಡಿಯ ನೀಲಿ.

"ನಿಮ್ ಮಾತು ಕೇಳ್ಕೊಂಡು ಇವ್ನಿಗೆ ಬಾಯಿಗೆ ಬಂದಂಗೆ ಬೈದಿದೀನಲ್ಲ ಸಾರ್," ಅಂದಳು. ಆಮೇಲೆ ಸೋಮಲಿಂಗಪ್ಪನ ಕಡೆ ತಿರುಗಿ, "ಬಾರಪ್ಪ, ಆ ಕಡೆ ಹಿಡ್ಕೊ. ಸಾರ್ ಕೈಲಿ ಆಗ್ತಿಲ್ಲ."

ಇಬ್ಬರೂ ಎರಡು ತುದಿ ಹಿಡಿದು ನಿಂತರು. ನೀಲಕಂಠಪ್ಪನವರು ಅವರ ಕಾಲ ಬಳಿ ಮಂಡಿಯೂರಿ ಸ್ಕ್ರೂ ತಿರುಗಿಸಿದರು. ಒಂದೆರಡು ಸಲ ಸ್ಕ್ರೂ ಕೈಜಾರಿ ಬಿತ್ತು. ಸೋಮಲಿಂಗಪ್ಪನೇ ಎತ್ತಿಕೊಟ್ಟ.

ನೀಲಕಂಠಪ್ಪನವರು ಹೊಸಕೆರೆಹಳ್ಳಿಯ ಬಡಗಿಯನ್ನು ಕರೆಸಿ ಇಸ್ತ್ರಿ ಗಾಡಿಗೆ ಹೊಸ ಹಲಗೆ, ಚಕ್ರ ಹಾಕಿಸಿದರು. ನೀಲಿ ಗೀಟನ್ನು ಹಾಗೇ ಬಿಟ್ಟರು. ವಾಕಿಂಗಿನವರು ಕೇಳಿದರೆ ನಾನೇ ಗುದ್ದಿದ್ದು ಅನ್ನುತ್ತಾರೆ. ಅಷ್ಟಾದರೂ ಹೇಳಬಲ್ಲರು.

ನೋಡಲಾಗದ್ದು ಒಂದೇ. ಮೊದಲು ಕೂತಲ್ಲಿಂದಲೇ ರಿವರ್ಸ್ ತೆಗೆಯುತ್ತಿದ್ದ ಸೋಮಲಿಂಗಪ್ಪ ಈಗ ಬೆಳಿಗ್ಗೆ ಆ ಮರದ ಬಳಿ ಬಂದರೆ ಆಟೋ ನಿಲ್ಲಿಸಿ ಇಳಿಯುತ್ತಾನೆ. ಹಿಂದೆ ಹೋಗಿ, ಬಗ್ಗಿ, ಇಸ್ತ್ರಿ ಗಾಡಿ ಎಷ್ಟು ದೂರವಿದೆ ಎಂದು ನೋಡುತ್ತಾನೆ. ಆಮೇಲೆ ರಿವರ್ಸ್ ತೆಗೆಯುತ್ತಾನೆ. ಗೇಟಿನೊಳಗೆ ನಿಂತ ನೀಲಕಂಠಪ್ಪನವರು ಅಷ್ಟು ಹೊತ್ತೂ ಕೈಯಲ್ಲಿನ ಕಸದ ಬುಟ್ಟಿಯನ್ನೇ ನೋಡುತ್ತಿರುತ್ತಾರೆ.