ಕೆನೆ ಕಟ್ಟದ ಹಾಲು

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮೈಸೂರಿನೊಂದಿಗೆ ಸೇರುವುದಕ್ಕೆ ಎರಡು ವರ್ಷ ಬಾಕಿ ಇತ್ತು. ನನ್ನನ್ನು ಮಡಿಕೇರಿಯಿಂದ ಶನಿವಾರಸಂತೆಯ ಕಡೆಗೆ ಹೆಲ್ತ್ ವಿಸಿಟರ್ ಆಗಿ ಹಾಕಿದರು. ಹೆಲ್ತ್ ವಿಸಿಟರ್ ಎಂದರೆ ಆಸ್ಪತ್ರೆಯಲ್ಲಿದ್ದು ಕೆಲಸ ಮಾಡುವ ನರ್ಸ್ ಅಲ್ಲ. ಮನೆಮನೆಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು, ಎಳೆಯ ಮಕ್ಕಳನ್ನು ನೋಡಿ, ಏನು ತಿನ್ನಬೇಕು, ಏನು ಬಿಡಬೇಕು ಎಂದು ತಿಳಿಸಿ ಬರುವವಳು. ಒಟ್ಟಿನಲ್ಲಿ, ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಉದ್ಯೋಗ. ಊರವರಿಗೆ ಈ ವ್ಯತ್ಯಾಸವೆಲ್ಲ ಬೇಕಿರಲಿಲ್ಲ. ಅವರಿಗೆ ನಾನು ನರ್ಸಮ್ಮ.

ನನ್ನ ಸುತ್ತಿನಲ್ಲಿದ್ದ ಒಂದು ಊರಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ, ಅಲ್ಲಿನ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿರುತ್ತಾರೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆಗಳ ಒಂದೇ ಬೀದಿ. ಬೀದಿಯ ಒಂದು ತುದಿಯಲ್ಲಿ ಹಲಸಿನ ಮರ, ಅದರಾಚೆ ಗದ್ದೆ, ಗದ್ದೆಯಾಚೆ ಕಾಡು. ರಾಗಿ ಮುದ್ದೆ, ಅನ್ನ, ಬೆರಕೆ ಸೊಪ್ಪಿನ ಸಾರು ಅವರ ಊಟ. ಬೆರಕೆ ಸೊಪ್ಪೆಂದರೆ ಬದುವಿನ ಮೇಲೆ ತಾನಾಗಿಯೇ ಬೆಳೆದದ್ದನ್ನು ಹೆಂಗಸರು ಕೈಗೆ ಸಿಕ್ಕಂತೆ ಕಿತ್ತು ತಂದು ಕೂಡಿಸಿ ಬೇಯಿಸುವುದು.

ನಾನು ಹೋದ ವರ್ಷವೇ ಆ ಊರಿಗೆ ಹೊರದೇಶದ ಹಾಲಿನ ಪುಡಿ ಬಂತು. ರಟ್ಟಿನ ದೊಡ್ಡ ಡ್ರಮ್ಮುಗಳು. ದಿನಾ ಬೆಳಗ್ಗೆ ಬಿಸಿನೀರಿನಲ್ಲಿ ಕದಡಿ, ಐದು ವರ್ಷದೊಳಗಿನ ಮಕ್ಕಳಿಗೆ ಹೊಟ್ಟೆ ತುಂಬ ಕುಡಿಸಬೇಕು. ಮೇಲಿನಿಂದ ಬಂದ ಸೂಚನೆ ಸ್ಪಷ್ಟವಾಗಿತ್ತು: ಹಾಲು ಸಂಪೂರ್ಣ ಆಹಾರ, ಎಳೆಯ ಮಕ್ಕಳಿಗೆ ಸೊಪ್ಪುಸದೆ ಕೊಡಬೇಡಿ, ಭೇದಿಗೆ ಅದೇ ದಾರಿ. ಹಿಂದಿನ ಮಳೆಗಾಲದಲ್ಲಿ ಆ ಭಾಗದಲ್ಲಿ ಭೇದಿ ಕಾಡಿತ್ತು, ಹಾಗಾಗಿ ಮಾತು ಸರಿಯೆಂದೇ ಎಲ್ಲರಿಗೂ ತೋರಿತು. ಎರಡು ಮೂರು ಮನೆಯವರು ಮಾತ್ರ ‘ಪುಡಿ ಹಾಲು ನಮಗೆ ಬ್ಯಾಡ’ ಎಂದರು. ಮಿಕ್ಕವರ ಮಕ್ಕಳು ನೋಡನೋಡುತ್ತ ಮೈ ತುಂಬಿಕೊಂಡವು. ತಕ್ಕಡಿಯಲ್ಲಿ ತೂಗಿದಾಗಲೆಲ್ಲ ನನಗೆ ಹೆಮ್ಮೆ. ಡಿಸ್ಪೆನ್ಸರಿಯ ಡಾಕ್ಟರು ಬಂದವರಿಗೆಲ್ಲ ಆ ಊರನ್ನು ತೋರಿಸುತ್ತಿದ್ದರು.

ನಮ್ಮ ಭೇಟಿಗಳೆಲ್ಲ ಬೆಳಗಿನ ಹೊತ್ತು. ಒಂದು ದಿನ ಮಾತ್ರ, ಮಳೆಗಾಲ ಮುಗಿಯುವ ಸಮಯ, ಪಕ್ಕದ ಊರಿನ ಹೆರಿಗೆಯೊಂದು ತಡವಾಗಿ ನಾನು ಸಂಜೆ ಆ ಬೀದಿಯ ಮೂಲಕ ಹಿಂದಿರುಗಬೇಕಾಯಿತು. ಸೂರ್ಯ ಮುಳುಗಿದ್ದ. ಬೆಳಕು ಇನ್ನೂ ಸಾಕಷ್ಟಿತ್ತು, ಹಲಸಿನ ಎಲೆಗಳನ್ನು ಬಿಡಿಬಿಡಿಯಾಗಿ ಕಾಣಬಹುದಿತ್ತು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದವು. ನಾನು ನೋಡುತ್ತಿದ್ದಂತೆ ಆಟ ನಿಂತಿತು. ಯಾರೂ ಗದರಲಿಲ್ಲ, ಯಾರೂ ಕರೆಯಲಿಲ್ಲ. ಒಂದು ಮಗು ಓಡುತ್ತಿದ್ದದ್ದು ನಿಂತಿತು. ಇನ್ನೊಂದು ನಿಂತಲ್ಲೇ ಕುಕ್ಕರಗಾಲಲ್ಲಿ ಕುಳಿತುಕೊಂಡಿತು. ಹೀಗೆ ಒಂದೊಂದಾಗಿ ಎಲ್ಲವೂ ತಾವಿದ್ದ ಜಾಗದಲ್ಲೇ ಸುಮ್ಮನಾದವು. ಅಳು ಇಲ್ಲ, ಮಾತಿಲ್ಲ. ಕಣ್ಣು ಅಗಲಕ್ಕೆ ತೆರೆದುಕೊಂಡು ಕಾಯುತ್ತಿದ್ದವು.

ಆಮೇಲೆ ಸದ್ದು ಶುರುವಾಯಿತು. ಒಂದು ಮನೆಯ ಜಗಲಿಯಿಂದ ಕಂಚಿನ ಗಂಗಾಳವನ್ನು ಸೌಟಿನಿಂದ ಬಡಿಯುವ ಸದ್ದು, ಅದರೆದುರು ಮನೆಯಿಂದ ಕಲ್ಲಿನಿಂದ ಕುಟ್ಟುವ ಸದ್ದು, ಆಚೆ ಇನ್ನೊಂದರಿಂದ ಕೊಡದ ಬಾಯಿಗೆ ಅಂಗೈ ಹೊಡೆಯುವ ಸದ್ದು. ಪ್ರತಿ ಮನೆಗೂ ಅದರದೇ ಸದ್ದು. ಬಾಗಿಲಲ್ಲಿ ನಿಂತ ತಾಯಂದಿರು ಬಾಯಿ ಮಾತ್ರ ತೆರೆಯಲಿಲ್ಲ. ಮಕ್ಕಳು ಎದ್ದು, ಕೈ ಮುಂದೆ ಚಾಚಿ, ತಮ್ಮ ತಮ್ಮ ಮನೆಯ ಸದ್ದಿನ ಕಡೆಗೆ ನಡೆಯತೊಡಗಿದವು. ನಾಲ್ಕು ವರ್ಷದ ಒಂದು ಹುಡುಗಿ ನೇರ ನನ್ನ ಬಳಿಗೇ ಬಂದಳು. ನನಗೆ ಚೆನ್ನಾಗಿ ಗೊತ್ತಿದ್ದ ಮಗು, ಗೌರಿ. ಅದೇ ದಿನ ಬೆಳಗ್ಗೆ ತೂಗಿ ಕೆನ್ನೆ ಹಿಂಡಿದ್ದೆ. ನನ್ನ ಸೆರಗು ಮುಟ್ಟಿ, ಮುಖವೆತ್ತಿ ನನ್ನನ್ನೇ ನೋಡಿದಳು. ನೋಡಿದಳು ಎನ್ನುವುದೂ ತಪ್ಪು. ಆ ಕಣ್ಣು ನನ್ನ ಮುಖದ ಮೇಲಿತ್ತು, ಆದರೆ ನಾನು ಅದಕ್ಕೆ ಕಾಣುತ್ತಿರಲಿಲ್ಲ. ಅವಳ ತಾಯಿ ಶಿವಮ್ಮ ಬಂದು ಮಾತಿಲ್ಲದೆ ಎತ್ತಿಕೊಂಡು ಹೋದಳು. ಉಳಿದ ದಾರಿಯನ್ನು ಹೇಗೆ ನಡೆದೆನೋ ನೆನಪಿಲ್ಲ.

ಮರುದಿನ ಬೆಳಗ್ಗೆ ಹೋದರೆ ಬೀದಿಯ ತುಂಬ ಅವೇ ಮಕ್ಕಳು, ಕಿರುಚಾಡುತ್ತ ಓಡುತ್ತಿದ್ದವು. ಶಿವಮ್ಮನನ್ನು ಹಿತ್ತಲಿಗೆ ಕರೆದು ಕೇಳಿದೆ. ಬಿಡದೆ ಕೇಳಿದ ಮೇಲೆ ಹೇಳಿದಳು.

“ಹೊತ್ತು ಮುಳುಗೋವಾಗ ಹೆಸ್ರು ಹಿಡಿದು ಕೂಗಬಾರ್ದು ನರ್ಸಮ್ಮ. ಕೂಗಿದ್ರೆ ಅದಕ್ಕೂ ಹೆಸ್ರು ಗೊತ್ತಾಯ್ತದೆ.”

“ಯಾವುದಕ್ಕೆ?”

“ಕರುಗೆ. ಹಾಲು ಅಂದ್ಮೇಲೆ ಹಸ ಇರ್ಬೇಕು, ಹಸ ಅಂದ್ಮೇಲೆ ಕರು ಇರ್ಬೇಕು. ಈ ಹಾಲಿನ ಹಸನ ಯಾರು ಕಂಡವ್ರೆ? ಅದರ ಕರುಗೆ ಒಂದು ತೊಟ್ಟೂ ಬಿಡದಂಗೆ ಕರ್ಕೊಂಡು, ಒಣಗಿಸಿ ತುಂಬಿ ಕಳಿಸವ್ರೆ. ಸಂಜೆ ಆಯ್ತಿದ್ದಂಗೆ ಅದು ಅವ್ವನ್ನ ಹುಡಿಕ್ಕಂಡು ಬತ್ತದೆ. ಹಾಲು ಕುಡಿದಿರೋ ಮಕ್ಕಳ ಕಣ್ಣಿಗೆ ಅಡ್ಡ ನಿಂತ್ಕತದೆ.”

ಹಲಸಿನ ಮರದ ಬುಡದಲ್ಲಿ ಕರುವಿನ ಪಾಲೆಂದು ದಿನಾ ಒಂದು ಬಟ್ಟಲು ಹಾಲು ಇಡುತ್ತಿದ್ದರಂತೆ. ಬೆಳಗ್ಗೆ ಹೋಗಿ ನೋಡಿದರೆ ಹಾಲು ಇಟ್ಟ ಹಾಗೇ ಇರುತ್ತಿತ್ತಂತೆ, ಬೆಕ್ಕೂ ಮುಟ್ಟುತ್ತಿರಲಿಲ್ಲವಂತೆ. ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ ಇದನ್ನು ಕೇಳುತ್ತಿದ್ದರೂ ನನಗೆ ಒಂದು ಸಲ ಹಿಂದೆ ತಿರುಗಿ ನೋಡಬೇಕೆನಿಸಿತು. ನೋಡಿಯೂ ಬಿಟ್ಟೆ.

“ಇಷ್ಟೆಲ್ಲ ಹೆದರಿಕೊಂಡು ಮತ್ತೆ ಯಾಕೆ ಕುಡಿಸ್ತೀರಿ?” ಎಂದೆ.

“ನೀವು ಹೇಳಿದ್ರಲ್ಲ. ಮಕ್ಕಳು ಮೈ ತುಂಬ್ಕಂಡವಲ್ಲ,” ಎಂದಳು ಶಿವಮ್ಮ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಗೌರಿಯನ್ನು ಬೆಳಕಿಗೆ ತಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ. ಎರಡು ಕಣ್ಣಿನ ಬಿಳಿಯ ಭಾಗದಲ್ಲೂ ಸೋಪಿನ ನೊರೆ ಒಣಗಿದಂಥ ಚುಕ್ಕೆ. ಟ್ರೈನಿಂಗಿನಲ್ಲಿ ಇದನ್ನು ಬಿಟೊಟ್ ಸ್ಪಾಟ್ ಎಂದು ಕಲಿಸಿದ್ದರು. ವಿಟಮಿನ್ ಎ ಕೊರತೆಯ ಗುರುತು. ಮೊದಲು ಇರುಳುಗುರುಡು, ಕಡೆಗೆ ಕಣ್ಣಿನ ಕರಿಗುಡ್ಡೆಯೇ ಮೆತ್ತಗಾಗಿ ಕರಗುತ್ತದೆ. ಆದರೆ ಅದು ಬರಗಾಲದ, ಎಲುಬು ಬಿಟ್ಟುಕೊಂಡ ಮಕ್ಕಳಿಗೆ ಬರುವ ರೋಗವೆಂದು ಓದಿದ್ದೆ. ಇಲ್ಲಿ ಗುಂಡುಗುಂಡಾದ ಮಕ್ಕಳಿಗೆ ಬಂದಿತ್ತು.

ಡಿಸ್ಪೆನ್ಸರಿಗೆ ಹೋಗಿ ಹೇಳಿದರೆ ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ, ಓದಿಕೊಂಡವರು, ಆದರೆ ಓದಿದ್ದರ ಮೇಲೆ ಅವರಿಗೆ ಭಕ್ತಿ ಜಾಸ್ತಿ. “ಸಿಸ್ಟರ್, ವಿಟಮಿನ್ ಎ ಯಾವುದರಲ್ಲಿದೆ ಅಂತ ಪುಸ್ತಕ ತೆಗೆದು ನೋಡಿ. ಹಾಲು ಅಂತಲೇ ಬರೆದಿದೆ. ಔಷಧವನ್ನೇ ದಿನಾ ಕುಡಿಯೋ ಮಕ್ಕಳಿಗೆ ಆ ರೋಗ ಹೇಗೆ ಬರುತ್ತೆ?” ಎಂದರು. ಪುಸ್ತಕದಲ್ಲಿ ಹಾಗೇ ಇತ್ತು. ನಾನು ಸಿಟ್ಟಿನಲ್ಲೇ ಹಿಂದಿರುಗಿದೆ.

ಎರಡು ಮೂರು ದಿನ ಬೇಕೆಂದೇ ಸಂಜೆ ಹೊತ್ತು ಹೋಗಿ ಹಲಸಿನ ಮರದ ಹತ್ತಿರ ನಿಂತೆ. ಒಬ್ಬಳೇ ನಿಲ್ಲುವುದಕ್ಕೆ ಭಯವಾಗುತ್ತಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಗದ್ದೆಯ ಮೇಲೆ ಮಂಜು ಇಳಿಯುತ್ತಿತ್ತು, ಕಾಡಿನ ಅಂಚಿನಲ್ಲಿ ಬೆಳ್ಳಗೆ ಏನಾದರೂ ಅಲುಗಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಆದರೆ ನೋಡಬೇಕಾದದ್ದು ಸಿಕ್ಕಿತು. ಎಲ್ಲ ಮಕ್ಕಳೂ ನಿಂತುಬಿಟ್ಟ ಮೇಲೂ ಕೆಲವು ಬಡಕಲು ಮಕ್ಕಳು ಮಾತ್ರ ಆ ಕುಳಿತವರ ನಡುವೆ ದಾರಿ ಮಾಡಿಕೊಂಡು ಸಲೀಸಾಗಿ ಓಡುತ್ತಿದ್ದವು. ಪುಡಿ ಹಾಲು ಬೇಡವೆಂದ ಮನೆಯ ಮಕ್ಕಳು ಅವು. ಅವು ಮಧ್ಯಾಹ್ನ ದೊಡ್ಡವರ ಜೊತೆ ಅದೇ ಸೊಪ್ಪಿನ ಸಾರಿನಲ್ಲಿ ಮುದ್ದೆ ಉಣ್ಣುತ್ತಿದ್ದವು. ಮಿಕ್ಕ ಮಕ್ಕಳಿಗೆ ಬೆಳಗ್ಗೆಯೇ ಹಾಲಿನಿಂದ ಹೊಟ್ಟೆ ತುಂಬಿರುತ್ತಿತ್ತು. ಉಂಡರೂ ಬರೀ ಅನ್ನ, ಏಕೆಂದರೆ ಸೊಪ್ಪು ಕೊಡಬೇಡಿ ಎಂದು ಹೇಳಿದ್ದೆವು.

ಹಾಗಾದರೆ ಪುಸ್ತಕದ ಹಾಲು ಎಲ್ಲಿ ಹೋಯಿತು? ಒಂದು ಬೆಳಗ್ಗೆ ನಮ್ಮ ಹಾಲಿನವಳು ಬರಲಿಲ್ಲ. ಡಿಸ್ಪೆನ್ಸರಿಯಲ್ಲಿದ್ದ ಹಂಚುವ ಪುಡಿಯನ್ನೇ ಒಂದು ಚಮಚ ಕದಡಿ, ಕಾಫಿಗೆಂದು ಕಾಯಿಸಿಟ್ಟು ಮರೆತೆ. ಆರಿದ ಮೇಲೆ ನೋಡಿದರೆ ಮೇಲೆ ತೆಳ್ಳಗಿನ ಪೊರೆಯೊಂದಿತ್ತು, ಕೆನೆಯಲ್ಲ. ಬೆರಳಲ್ಲಿ ಉಜ್ಜಿದೆ, ಒಂದಿಷ್ಟೂ ಜಿಡ್ಡು ಹತ್ತಲಿಲ್ಲ. ಪಾತ್ರೆಯನ್ನು ಹಾಗೇ ಸೆರಗಿನಲ್ಲಿ ಹಿಡಿದು ಡಾಕ್ಟರ ಮೇಜಿನ ಮೇಲಿಟ್ಟೆ.

“ಈ ಹಾಲಲ್ಲಿ ಕೆನೆ ಎಲ್ಲಿದೆ ತೋರಿಸಿ ಡಾಕ್ಟ್ರೇ. ವಿಟಮಿನ್ ಎ ಇರೋದು ಜಿಡ್ಡಿನಲ್ಲಿ ಅಂತ ನೀವೇ ಹೇಳಿಕೊಟ್ಟದ್ದು.”

ಅವರು ಎದ್ದು ಹೋಗಿ ಡ್ರಮ್ಮಿನ ಮೇಲಿನ ಇಂಗ್ಲಿಷ್ ಬರಹವನ್ನು ಓದಿದರು. ಕೊಬ್ಬು ತೆಗೆದ ಹಾಲು ಎಂದು ದೊಡ್ಡಕ್ಷರದಲ್ಲೇ ಇತ್ತು. ನಾವೆಲ್ಲ ದಿನಾ ನೋಡುತ್ತಿದ್ದದ್ದೇ. ಕೆನೆ ಬೇರೆಯವರಿಗೆ ಬೆಣ್ಣೆಯಾಗಿತ್ತು, ಉಳಿದದ್ದು ನಮ್ಮ ಮಕ್ಕಳಿಗೆ ಸಂಪೂರ್ಣ ಆಹಾರವಾಗಿತ್ತು. ಡಾಕ್ಟರು ಬೀರುವಿನಿಂದ ಶಾರ್ಕ್ ಲಿವರ್ ಆಯಿಲ್, ಅಂದರೆ ಮೀನಿನ ಪಿತ್ತಜನಕಾಂಗದ ಎಣ್ಣೆ, ಇದ್ದ ಬಾಟಲಿಗಳನ್ನೆಲ್ಲ ತೆಗೆದು ನನ್ನ ಚೀಲಕ್ಕೆ ತುಂಬಿದರು. “ಮೊದಲು ಯಾರ ಕಣ್ಣು ಜಾಸ್ತಿ ಕೆಟ್ಟಿದೆಯೋ ಅಲ್ಲಿಗೆ ಹೋಗಿ,” ಎಂದರು.

ಗೌರಿಯ ಮನೆಗೆ ಓಡಿದೆ. ಅಷ್ಟರಲ್ಲಿ ಬಲಗಣ್ಣು ಮಂಕಾಗಿತ್ತು. ನೀರು ಬತ್ತಿ, ಹೊಳಪಿಲ್ಲದೆ, ಬಾಯಿಯ ಆವಿ ತಗುಲಿದ ಗಾಜಿನ ಹಾಗೆ ಕಾಣುತ್ತಿತ್ತು. ಮನೆಯವರು ಬುತ್ತಿ ಕಟ್ಟುತ್ತಿದ್ದರು. ಮಗುವನ್ನು ಗಡಿಯಾಚೆಯ ಒಂದು ದೇವರ ಬಳಿಗೆ ಕರೆದೊಯ್ದು, ಹರಕೆ ತೀರುವವರೆಗೆ ಅಲ್ಲೇ ಇರಿಸುವುದೆಂದು ನಿಶ್ಚಯವಾಗಿತ್ತು. ಕರಗುವ ಕಣ್ಣು ಅಷ್ಟು ದಿನ ಕಾಯುವುದಿಲ್ಲವೆಂದು ನನಗೆ ಗೊತ್ತಿತ್ತು. ಬಾಟಲಿ ತೆರೆದೆ. ವಾಸನೆ ಇಡೀ ಮನೆಗೆ ಹರಡಿತು. ಮೀನು ಮಾಂಸ ಹೊಸಿಲು ದಾಟದ ಮನೆ ಅದು.

ಶಿವಮ್ಮನ ಅತ್ತೆ ಕೇಳಿದರು, “ಇದು ಏನಿಂದು ತಾಯಿ?”

ಗಿಡದ ಎಣ್ಣೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಏನೆಂದು ಸರಿಯಾಗಿ ಹೇಳದೆ ಒಂದು ಸಲ ಕುಡಿಸಿದ್ದರ ಫಲ ಕಣ್ಣೆದುರಿಗೇ ಮಲಗಿತ್ತು. “ಮೀನಿಂದು. ಇದು ಹೊಟ್ಟೆಗೆ ಹೋಗದಿದ್ರೆ ಕಣ್ಣು ಹೋಗುತ್ತೆ. ಕುಡಿಸಿದರೂ ಎರಡೂ ಕಣ್ಣು ಉಳಿಯುತ್ತೆ ಅಂತ ನಾನು ಹೇಳಲಾರೆ,” ಎಂದೆ.

ಮುದುಕಿ ಬುತ್ತಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಶಿವಮ್ಮ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಇಸಿದುಕೊಂಡಳು. “ಆ ಹಾಲು ಏನಿಂದು ಅಂತ ನಾವು ಕೇಳ್ನಿಲ್ಲ, ನೀವೂ ಹೇಳ್ನಿಲ್ಲ. ಇದನ್ನ ಹೇಳಿದ್ರಲ್ಲ, ಕೊಡಿ,” ಎಂದಳು. ಒಂದು ತೊಟ್ಟೂ ಚೆಲ್ಲದೆ ಕುಡಿಸಿದಳು.

ದಿನಾ ಹೋಗಿ ನನ್ನ ಎದುರಿಗೇ ಕುಡಿಸಿದೆ. ಮಿಕ್ಕ ಮಕ್ಕಳಿಗೂ ಎಣ್ಣೆ ಕೊಟ್ಟೆ. ಬೀದಿಯಲ್ಲಿ ನಿಂತು, ಮಕ್ಕಳಿಗೆ ಸೊಪ್ಪಿನ ಸಾರು ಹಾಕಿ, ತೊಳೆದು ಚೆನ್ನಾಗಿ ಬೇಯಿಸಿ ಹಾಕಿ, ಮೇಲೊಂದು ಹನಿ ತುಪ್ಪ ಬಿಡಿ ಎಂದು ಕೂಗಿ ಹೇಳಿದೆ. ಸೂಚನೆಗೆ ವಿರುದ್ಧವಾಗಿ ಹೇಳುತ್ತಿದ್ದೇನೆಂದು ಗೊತ್ತಿದ್ದೇ ಹೇಳಿದೆ. ಹಾಲನ್ನು ನಿಲ್ಲಿಸಲಿಲ್ಲ, ಅದರಲ್ಲಿ ಮೈ ಬೆಳೆಸುವ ಗುಣವಂತೂ ಇತ್ತು. ಬೇಗ ಬೆಳೆಯುವ ಮೈ ಒಳಗಿದ್ದ ವಿಟಮಿನ್ನನ್ನೂ ಬೇಗ ಬರಿದು ಮಾಡುತ್ತದೆ, ಅದಕ್ಕೇ ಗುಂಡಾದ ಮಕ್ಕಳಿಗೇ ಮೊದಲು ಕತ್ತಲಾಯಿತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ದಿನ ಕಳೆದಂತೆ ಸಂಜೆಯ ಸದ್ದು ಒಂದೊಂದೇ ಮನೆಯಲ್ಲಿ ನಿಂತಿತು. ಗೌರಿಯ ಬಲಗಣ್ಣು ಮಾತ್ರ ಹೋಯಿತು, ಬಿಳಿಯ ಕಲೆಯೊಂದು ಉಳಿದುಕೊಂಡಿತು. ಎಡಗಣ್ಣು ಉಳಿಯಿತು. ಶಿವಮ್ಮ ನನಗೆ ಕೈ ಮುಗಿದಾಗ ಯಾವ ಮುಖ ಇಟ್ಟುಕೊಂಡು ನಿಲ್ಲಬೇಕೆಂದು ತಿಳಿಯದೆ, ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ.

ಆ ಊರಿನವರ ಕರುವಿನ ಮಾತಿಗೆ ಈಗಲೂ ನನಗೆ ನಗು ಬರುವುದಿಲ್ಲ. ಹಾಲಿನಿಂದಲೇ ಕಣ್ಣಿಗೆ ಕೇಡು ಬರುತ್ತಿದೆ ಎಂದು ಅವರು ಹೇಳಿದ್ದರಲ್ಲಿ, ಕರುವೊಂದನ್ನು ಬಿಟ್ಟರೆ, ಸುಳ್ಳೇನಿತ್ತು? ಯಾರದೋ ಪಾಲನ್ನು ತೆಗೆದ ಹಾಲು ಅದು, ನಿಜ. ತೆಗೆದದ್ದು ಕರುವಿನ ಪಾಲನ್ನಲ್ಲ, ಅವರ ಮಕ್ಕಳದನ್ನೇ.

ಉದ್ಯೋಗ ನನಗೆ ಕಲಿಸಿದ್ದು ದೊಡ್ಡ ಮಾತೇನಲ್ಲ. ಯಾವುದೇ ತಿನಿಸನ್ನು ಒಳ್ಳೆಯದು ಎಂದು ಯಾರಾದರೂ ಹೇಳಿದರೆ, ಅದರಿಂದ ಏನನ್ನು ತೆಗೆದಿದ್ದಾರೆ, ಅದು ಬಂದ ಮೇಲೆ ತಟ್ಟೆಯಿಂದ ಏನು ಹೊರಗೆ ಹೋಯಿತು ಎಂದು ಕೇಳಬೇಕು. ಇನ್ನೊಂದು, ಬುದ್ಧಿ ಹೇಳುವ ನಾವೆಲ್ಲ ಬೆಳಗ್ಗೆ ಹೋಗುವವರು. ತಕ್ಕಡಿ ಹಿಡಿದು ಹೋಗಿ, ತೂಕ ಬರೆದುಕೊಂಡು, ಬಿಸಿಲೇರುವ ಮೊದಲೇ ವಾಪಸಾಗುತ್ತೇವೆ. ಆ ಮಕ್ಕಳಿಗೆ ಕಷ್ಟ ಬರುತ್ತಿದ್ದದ್ದು ನಾವು ಹೋದ ಮೇಲೆ.

ಡಾಕ್ಟರು ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದರು. ಉತ್ತರ ಬರಲಿಲ್ಲ. ಮುಂದಿನ ತಿಂಗಳು ಲಾರಿಯಲ್ಲಿ ಹೊಸ ಡ್ರಮ್ಮುಗಳು ಬಂದವು. ನಮ್ಮ ಪಾಲಿನದನ್ನು ಇಳಿಸಿ, ಉಳಿದದ್ದನ್ನು ಹೊತ್ತುಕೊಂಡು ಲಾರಿ ಗಡಿ ದಾಟಿ ಮುಂದಿನ ಊರುಗಳಿಗೆ ಹೋಯಿತು. ಅಲ್ಲಿ ಸಂಜೆಯ ಹೊತ್ತು ಯಾರಾದರೂ ಬೀದಿಗೆ ಹೋಗಿ ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.