ದಾಕ್ಷಿಣ್ಯಕ್ಕೆ ಕೊಟ್ಟ ಎರಡು

ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬೀದಿಗೆ ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳು ಬರುತ್ತಿದ್ದರು, ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ. ಪಕ್ಕದ ಮನೆಯ ಐರಿಷ್ ಅಜ್ಜಿಯ ಬಾಗಿಲು ತಟ್ಟಿ ನಕ್ಕು ಮಾತಾಡಿ, ನಮ್ಮ ಗೇಟು ದಾಟಿ ಮುಂದೆ ಹೋಗುತ್ತಿದ್ದರು. ಎದುರುಮನೆಯನ್ನೂ ಹಾಗೇ ಬಿಟ್ಟು ಹೋಗುತ್ತಿದ್ದರು. ಬಣ್ಣ ನೋಡಿ ಹೋಗುತ್ತಾರೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡನಿಗೆ ಅದೊಂದು ವಿಷಯವೇ ಆಗಿರಲಿಲ್ಲ. "ಬಿಡೇ, ನಮ್ ವೋಟು ಮೈಸೂರಲ್ಲೈತೆ. ನಮ್ಮನ್ನ ಕಟ್ಕೊಂಡು ಅವ್ರಿಗೇನಾಗ್ಬೇಕು?" ಎನ್ನುತ್ತಿದ್ದ.

ಇಲ್ಲಿರುವ ನಮ್ಮವರೆಲ್ಲ ಹೇಳುವುದು ಇದನ್ನೇ. ಅಪ್ಪನ ಹಳೆಯ ಸೂಟ್‌ಕೇಸನ್ನು ಊರಿನ ಅಟ್ಟದ ಮೇಲೆ ಬಿಟ್ಟು ಬಂದಹಾಗೆ ವೋಟನ್ನೂ ಅಲ್ಲೇ ಬಿಟ್ಟು ಬಂದಿದ್ದೇವೆ. ಊರಿಗೆ ಹೋಗಿ ಅದನ್ನು ಹಾಕುವವರೂ ಇಲ್ಲ.

ಎದುರುಮನೆಯಾಕೆ ನೈಜೀರಿಯಾದಿಂದ ಬಂದವಳು. ಅಕೌಂಟೆಂಟ್. ನನಗಿಂತ ಸ್ವಲ್ಪ ದೊಡ್ಡವಳು, ದನಿ ಮಾತ್ರ ನನ್ನದಕ್ಕಿಂತ ಬಹಳ ದೊಡ್ಡದು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ, ಜಗಳವೂ ಅದರಲ್ಲೇ. ಒಂದು ದಿನ ಬೇಲಿಯ ಬಳಿ ನಿಂತು ನಾನು ಅಭ್ಯರ್ಥಿಗಳನ್ನು ಬೈಯುತ್ತಿದ್ದಾಗ ಆಕೆ ಜೋರಾಗಿ ನಕ್ಕಳು.

"ಬಣ್ಣ ನೋಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಇವರು ನೋಡೋದು ಮತದಾರರ ಪಟ್ಟಿ. ಅದರಲ್ಲಿ ಹೆಸರಿಲ್ಲದ ಮನೆಗೆ ಯಾಕೆ ಬರ್ತಾರೆ? ನಾನು ಈ ಸಲ ಸೇರಿಸಿದ್ದೀನಿ. ನೀನು?"

"ನನಗೆ ಇಲ್ಲಿಯ ಪೌರತ್ವ ಇಲ್ಲವಲ್ಲ."

"ಕೌನ್ಸಿಲ್ ಚುನಾವಣೆಗೆ ಪೌರತ್ವ ಬೇಡ. ಇಲ್ಲಿ ವಾಸ ಇದ್ದರೆ ಸಾಕು. ಇಷ್ಟು ವರ್ಷ ಸುಮ್ಮನೆ ಕೂತಿದ್ದೆಯಾ?"

ಕೌನ್ಸಿಲ್ ಎಂದರೆ ನಮ್ಮ ನಗರಸಭೆಯಂತೆ. ಇಷ್ಟು ವರ್ಷ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸಾಗದೆ, "ಗೊತ್ತಿತ್ತು, ಟೈಮ್ ಸಿಗಲಿಲ್ಲ," ಎಂದುಬಿಟ್ಟೆ. ಆಕೆ ನಂಬಲಿಲ್ಲ.

ಆ ವರ್ಷ ಆಕೆಗೆ ತುರ್ತು ಇತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೆಯ ಸಮುದಾಯ ಭವನವಿದೆ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಮಕ್ಕಳು ಇರುವುದು ಅಲ್ಲೇ. ಭಾನುವಾರ ನೈಜೀರಿಯಾದವರ ಪ್ರಾರ್ಥನೆ ಅಲ್ಲೇ, ನಮ್ಮ ಯುಗಾದಿ ಊಟವೂ ಅಲ್ಲೇ. ಆಫ್ರಿಕಾದಿಂದ ಬಂದ ಹೆಂಗಸರು ನಾವೆಲ್ಲ ಈ ದೇಶಕ್ಕೆ ಬರುವ ಮೊದಲೇ ಕೌನ್ಸಿಲ್ಲಿನವರ ಬೆನ್ನು ಬಿದ್ದು ಮಕ್ಕಳನ್ನು ನೋಡಿಕೊಳ್ಳುವ ಆ ಏರ್ಪಾಡನ್ನು ಶುರುಮಾಡಿಸಿದ್ದರು. ನನ್ನ ಮಗ ಬೆಳೆದದ್ದು ಅವರು ಹಾಸಿದ ಚಾಪೆಯ ಮೇಲೆ. ಈಗ ಕಟ್ಟಡ ಹಳೆಯದಾಯಿತು, ಮುಚ್ಚಿಬಿಡೋಣ ಎಂಬ ಮಾತು ಕೌನ್ಸಿಲ್ಲಿನಲ್ಲಿ ಎದ್ದಿತ್ತು.

"ಅಲ್ಲಿ ಕೂತು ಮಾತಾಡುವವರಲ್ಲಿ ಒಬ್ಬರ ಮಗುವೂ ಆ ಭವನಕ್ಕೆ ಬರಲ್ಲ," ಎಂದಳು ಆಕೆ. "ನನ್ನ ಮಗಳು ಇಲ್ಲೇ ಹುಟ್ಟಿದವಳು. ಬಸ್ಸಿನಲ್ಲಿ ಅವಳನ್ನ, ನಿಜವಾಗಿ ಎಲ್ಲಿಯವಳು ನೀನು ಅಂತ ಕೇಳ್ತಾರೆ. ಈ ಬೀದಿ ಹೆಸರು ಹೇಳಿದರೆ ನಗ್ತಾರೆ. ನಾವು ಕೇಳಿಕೊಂಡು ಸುಮ್ಮನಿದ್ದದ್ದು ಸಾಕು. ನಾನೇ ನಿಲ್ತೀನಿ."

ಯಾವ ಪಕ್ಷವೂ ಇಲ್ಲದೆ ಆಕೆ ಚುನಾವಣೆಗೆ ನಿಂತಳು. ನಾನು ಜೊತೆಗೆ ಓಡಾಡಿದೆ. ಆಕೆ ತನ್ನವರ ಮನೆಗಳಿಗೆ ಹೋಗಿ ಹೆಸರು ಸೇರಿಸಿ ಎಂದು ದುಂಬಾಲು ಬಿದ್ದಳು, ನಾನು ನಮ್ಮವರ ಮನೆಗಳಿಗೆ. ಎರಡೂ ಕಡೆ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ. ಅವರ ವೋಟು ಲಾಗೋಸಿನಲ್ಲಿತ್ತು, ನಮ್ಮದು ಬೆಂಗಳೂರಿನಲ್ಲಿ.

ನನ್ನ ಗೆಳತಿಯೊಬ್ಬಳು ಇದ್ದಾಳೆ, ಜಯನಗರದವಳು. "ಅವ್ರ ಪಾಡು ಅವ್ರಿಗೆ ಕಣೇ. ಅವ್ರು ಬೇರೆ, ನಾವು ಬೇರೆ. ನಾವ್ಯಾಕೆ ತಲೆ ಹಾಕ್ಬೇಕು?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹೋದ ತಿಂಗ್ಳು ಕಾರಿನ ಕಿಟಕಿಯಿಂದ ಒಬ್ಬ ‘ನಿಮ್ಮೂರಿಗೆ ವಾಪಸ್ ಹೋಗಿ’ ಅಂತ ನಿನ್ನ ಮೇಲೆ ಕೂಗಿದ್ನಲ್ಲ, ನೀನು ಯಾವ ದೇಶದವಳು ಅಂತ ಕೇಳಿ ಆಮೇಲೆ ಕೂಗಿದ್ನಾ?"

ಅವಳು ಮುಖ ಊದಿಸಿಕೊಂಡಳು. ಆದರೆ ಮಾರನೆಯ ದಿನ ಹೆಸರು ಸೇರಿಸಿದಳು.

ಹೆಸರು ಸೇರಿದರೆ ಮುಗಿಯಿತು ಎಂದುಕೊಂಡಿದ್ದೆ. ಇಲ್ಲಿಯ ಮತದಾನ ನಮ್ಮಂತಲ್ಲ. ಒಬ್ಬರಿಗೆ ಬಟನ್ ಒತ್ತಿ ಬರುವುದಲ್ಲ. ಮೊದಲ ಆಯ್ಕೆಯವರಿಗೆ ಒಂದು, ಆಮೇಲಿನವರಿಗೆ ಎರಡು, ಮೂರು ಎಂದು ಬರೆಯಬೇಕು. ಯಾರಿಗೆ ‘ಒಂದು’ ಎಲ್ಲರಿಗಿಂತ ಕಡಿಮೆಯೋ ಅವರು ಮೊದಲು ಹೊರಗೆ. ಆಗ ಅವರ ಮತಪತ್ರಗಳಲ್ಲಿ ‘ಎರಡು’ ಯಾರಿಗಿದೆಯೋ ಅವರಿಗೆ ಆ ಮತ ಹೋಗುತ್ತದೆ. ಇದನ್ನು ಕಲಿಸಲು ಆಕೆ ಒಂದು ಶನಿವಾರ ಭವನದಲ್ಲಿ ಊಟಗಳ ಚುನಾವಣೆ ಇಟ್ಟಳು. ನಾಲ್ಕು ಅಭ್ಯರ್ಥಿಗಳು: ನಮ್ಮ ಬಿಸಿಬೇಳೆಬಾತ್, ಐರಿಷ್ ಅಜ್ಜಿ ಮಾಡಿದ ಆ್ಯಪಲ್ ಟಾರ್ಟ್, ಮಕ್ಕಳಿಗೆ ಪಿಜ್ಜಾ, ಆಕೆಯ ಕೈಯ ಜೊಲಾಫ್. ಜೊಲಾಫ್ ಎಂದರೆ ಟೊಮೇಟೊ ಮೆಣಸಿನಕಾಯಿ ಹಾಕಿದ ಅವರ ಕೆಂಪನ್ನ. ನಿಜ ಹೇಳಬೇಕೆಂದರೆ ಅಂದು ಎಲ್ಲಕ್ಕಿಂತ ರುಚಿಯಾಗಿದ್ದದ್ದು ಅದೇ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಮತ ಎಣಿಸಿದರೆ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದೂ ಅದೇ.

ಆಗಿದ್ದು ಇಷ್ಟು. ನಮ್ಮವರು ಬಿಸಿಬೇಳೆಬಾತಿಗೆ ಒಂದು ಕೊಟ್ಟು, ಪಾಪ ಕಷ್ಟಪಟ್ಟು ಮಾಡಿದ್ದಾರೆ ಎಂದು ದಾಕ್ಷಿಣ್ಯಕ್ಕೆ ಜೊಲಾಫಿಗೆ ಎರಡು ಕೊಟ್ಟಿದ್ದರು. ಐರಿಷ್‌ನವರು ಟಾರ್ಟಿಗೆ ಒಂದು ಕೊಟ್ಟು ಅದನ್ನೇ ಮಾಡಿದ್ದರು. ಜೊಲಾಫಿಗೆ ಒಂದು ಕೊಡಬೇಕಾದವರಲ್ಲಿ ಹೆಚ್ಚಿನವರು ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ವಾರಾಂತ್ಯದ ಪಾಳಿಯಲ್ಲಿದ್ದರು. ಹೆಚ್ಚುಕಡಿಮೆ ಎಲ್ಲರ ಕಾಗದದಲ್ಲೂ ಜೊಲಾಫಿಗೆ ಎರಡು ಇತ್ತು. ಅವರು ‘ಒಂದು’ ಕೊಟ್ಟವು ಇನ್ನೂ ಕಣದಲ್ಲೇ ಇದ್ದದ್ದರಿಂದ ಆ ಎರಡನ್ನು ಯಾರೂ ಎಣಿಸುವ ಸಂದರ್ಭವೇ ಬರಲಿಲ್ಲ.

"ಅಯ್ಯೋ, ನಾವೆಲ್ಲ ನಿಮ್ಗೂ ಹಾಕಿದ್ವಲ್ಲ!" ಎಂದ ನನ್ನ ಗಂಡ, ನಿಜವಾದ ಬೇಸರದಿಂದ.

ಆಕೆ ಖಾಲಿಯಾದ ಜೊಲಾಫ್ ಪಾತ್ರೆಯನ್ನು ನೋಡುತ್ತ ನಿಂತಳು. ಆ ದೊಡ್ಡ ದನಿ ಇಳಿದಿತ್ತು. "ನಾವು ಎಲ್ಲರಿಗೂ ಇಷ್ಟ," ಎಂದಳು. "ಎರಡನೆಯದಾಗಿ."

ನನಗೆ ಅಳು ಬಂದಂತಾಯಿತು, ನಮ್ಮವರ ಮೇಲೆ ಕೋಪವೂ ಬಂತು. ಒಳ್ಳೆಯವರೇ ನಾವು. ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಆದರೆ ಯಾರಿಗೂ ನೋವಾಗದಂತೆ ಇರುವುದೇ ಬೇರೆ, ಒಬ್ಬರ ಪರವಾಗಿ ನಿಲ್ಲುವುದೇ ಬೇರೆ ಎಂದು ಆ ಸಂಜೆ ನನಗೆ ಅನ್ನಿಸಿತು.

ಅಂದಿನಿಂದ ಆಕೆಯ ಓಡಾಟದ ದಿಕ್ಕು ಬದಲಾಯಿತು. ಹೊಗಳುವವರ ಹಿಂದೆ ಹೋಗುವುದನ್ನು ಬಿಟ್ಟು, ಯಾರ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರನ್ನು ಯಾರ ಕಾರಿನಲ್ಲಿ ಮತಗಟ್ಟೆಗೆ ಕರೆತರಬೇಕು, ಆ ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂದು ಕೂತು ಹೊಂದಿಸಿದಳು. ಚುನಾವಣೆಯ ತಯಾರಿ ಎಂದರೆ ಭಾಷಣ, ಪೋಸ್ಟರ್ ಎಂದುಕೊಂಡಿದ್ದ ನಾನು ಮತದಾನದ ದಿನ ನನ್ನ ವೋಟು ಹಾಕಿ ಬಂದ ಮೇಲೆ ಮೂರು ಕೂಸುಗಳನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆ.

ಮತದಾನದ ಬೆಳಿಗ್ಗೆ ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲು ತೆರೆಯುವ ಮೊದಲೇ ರಾತ್ರಿ ಪಾಳಿ ಮುಗಿಸಿದ ಹೆಂಗಸರು ಸಮವಸ್ತ್ರದಲ್ಲೇ ಬಂದು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ಕಾಲು ಊದಿತ್ತು. ಒಬ್ಬಾಕೆ ಗೋಡೆಗೊರಗಿ ನಿಂತೇ ತೂಕಡಿಸುತ್ತಿದ್ದಳು. ಹುಷಾರಾಗಿದ್ದೀರಾ ಎಂದು ಕೇಳಿದರೆ, "ಗ್ರ್ಯಾಂಡ್, ಗ್ರ್ಯಾಂಡ್," ಎಂದು, ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರು ಹೇಳುವಂತೆ, ಕಣ್ಣು ಬಿಡದೆ ಹೇಳಿದಳು. ನಾನು ಒಳಗೆ ಹೋಗಿ ಪೆನ್ಸಿಲಿನಲ್ಲಿ ಒತ್ತಿ ‘ಒಂದು’ ಬರೆದೆ.

ನನ್ನ ಗಂಡ ಏನು ಬರೆದನೆಂದು ಕೇಳಿದರೆ, "ವೋಟು ಗುಟ್ಟು ಕಣೇ," ಎಂದು ನಕ್ಕ.

ಎಣಿಕೆ ಎರಡು ದಿನ ನಡೆಯಿತು. ಮೊದಲ ಸುತ್ತಿನಲ್ಲಿ ಆಕೆ ಕೆಳಗಿದ್ದಳು, ಆದರೆ ತೀರಾ ಕೆಳಗಲ್ಲ. ಸುತ್ತಿನಿಂದ ಸುತ್ತಿಗೆ ಬೇರೆಯವರು ಉದುರಿದರು, ಆಕೆ ಉಳಿದಳು. ಇಲ್ಲಿ ಒಂದೇ ಕ್ಷೇತ್ರದಿಂದ ಹಲವರು ಆಯ್ಕೆಯಾಗುತ್ತಾರೆ; ಕೊನೆಯ ಸೀಟಿಗೆ ಬಂದಾಗ ಎಲ್ಲರೂ ಗೆಲ್ಲುವ ಕುದುರೆ ಎನ್ನುತ್ತಿದ್ದ ದೊಡ್ಡ ಪಕ್ಷದವನೊಬ್ಬ ಹೊರಬಿದ್ದ. ಅವನ ಮತಗಳಲ್ಲಿದ್ದ ಎರಡುಗಳು, ಮೂರುಗಳು ಆಕೆಯನ್ನು ದಾಟಿಸಿದವು. ಫೋನಿನಲ್ಲಿ ಸುದ್ದಿ ನೋಡಿ ನಾನು ಬೀದಿಗೆ ಓಡಿ ಬಂದು ಕಿರುಚಿದೆ.

ಸಂಜೆ ಆಕೆ ನಮ್ಮ ಅಡುಗೆಮನೆಯಲ್ಲಿ ಬಂದು ಕೂತಳು. ಭವನ ಉಳಿಯುತ್ತದೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಆದರೆ ಅದರ ಮಾತು ಮತ್ತೆ ಬಂದಾಗ ಆಕೆ ಆ ಕೋಣೆಯಲ್ಲಿ ಇರುತ್ತಾಳೆ. ನನ್ನ ಗಂಡ ಕಾಫಿ ತಂದಿಟ್ಟು, ಹೋಗದೆ ಅಲ್ಲೇ ನಿಂತ.

"ನಾನು ನಿಮಗೆ ಎರಡು ಕೊಟ್ಟಿದ್ದೆ," ಎಂದ, ನೆಲ ನೋಡುತ್ತ. "ಒಂದು ಆ ದೊಡ್ಡ ಪಕ್ಷದವನಿಗೆ ಕೊಟ್ಟೆ. ಅವನು ಗೆಲ್ಲೋದು ಗ್ಯಾರಂಟಿ ಅಂದಿದ್ರು."

ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಅದುಮಿದಳು.

"ಹಾಗಾದರೆ ನಿಮ್ಮದು ಇವತ್ತು ಮಧ್ಯಾಹ್ನ ನನಗೆ ಬಂತು, ಕೊನೆಯ ಸುತ್ತಿನಲ್ಲಿ," ಎಂದಳು. "ನನಗೆ ಅದು ಬೇಕೇ ಬೇಕಿತ್ತು. ಆದರೆ ಅದು ಬರುವವರೆಗೆ ನನ್ನನ್ನು ಹಿಡಿದು ನಿಲ್ಲಿಸಿದವರು ರಾತ್ರಿಯೆಲ್ಲ ಕೆಲಸ ಮಾಡಿ ಬಂದ ಆ ಹೆಂಗಸರು."

ಕಾಫಿಯನ್ನು ಒಂದು ಗುಟುಕು ಕುಡಿದು ಅವನ ಕಡೆ ನೋಡಿ ನಕ್ಕಳು.

"ಮುಂದಿನ ಸಲ ಸ್ವಲ್ಪ ಬೇಗ ಬನ್ನಿ."